ಬಾರದ ಮಷೀನಿಗೆ ಹೊಣೆ ಯಾರು?

ಬಟ್ಟೆ ಹೊಲಿಯಲು ಕೊಟ್ಟವರಿಗೆಲ್ಲ ಈ ಸಂಕಟ ಗೊತ್ತು. ಹೇಳಿದ ದಿನಕ್ಕೆ ಸರಿಯಾಗಿ ಹೋಗಿ ನಿಲ್ಲುತ್ತೀರಿ. ಟೇಲರಮ್ಮ ತಲೆ ಎತ್ತುವುದಿಲ್ಲ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ "ನಾಡಿದ್ದು ಬನ್ನಿ" ಅನ್ನುತ್ತಾಳೆ. ನಾಡಿದ್ದು ಹೋದರೆ ಅಂಗಿ ಸಿಗುತ್ತದೆ, ಪ್ಯಾಂಟು ಸಿಗುವುದಿಲ್ಲ. "ಸದ್ಯಕ್ಕೆ ಇದು ತಗೊಂಡು ಹೋಗಿ, ಅದು ನಾಡಿದ್ದು." ಮೂರನೇ ಸಲ ಹೋದಾಗ ಪ್ಯಾಂಟೂ ಸಿಗುತ್ತದೆ, ಆದರೆ ಗುಂಡಿ ಹಾಕಿರುವುದಿಲ್ಲ. ಬೈಯೋಣ ಅಂದರೆ ಹೊಲಿಗೆ ಅಷ್ಟು ಚೆನ್ನಾಗಿರುತ್ತದೆ!

ನಮ್ಮ ಈ ಕಥೆಯ ಟೇಲರಮ್ಮನಿಗೆ ಬೀದಿಯವರು ಇಟ್ಟ ಹೆಸರೇ ನಾಡಿದ್ದಕ್ಕ. ಎದುರಿಗೇ ಹಾಗೆ ಕರೆಯುತ್ತಿದ್ದರು, ಅವಳೂ ಬೇಜಾರಿಲ್ಲದೆ "ಓ" ಅನ್ನುತ್ತಿದ್ದಳು. ಒಂದು ಮಾತು ಮಾತ್ರ ಹೇಳಲೇಬೇಕು. ತಡ ಮಾಡುತ್ತಿದ್ದಳೇ ಹೊರತು ಯಾರ ಬಟ್ಟೆಯನ್ನೂ ನುಂಗಿದವಳಲ್ಲ. ಕರವಸ್ತ್ರದಷ್ಟು ತುಂಡು ಮಿಕ್ಕಿದರೂ ಮಡಚಿ, ಕವರಿನಲ್ಲಿಟ್ಟು ವಾಪಸ್ ಕೊಡುವ ಹೆಂಗಸು. ಅರ್ಧ ಬಟ್ಟೆ ಕೊಡುವಾಗಲೇ ಪೂರ್ತಿಗೆ ಸೇರಿಸಿ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡುಬಿಡುತ್ತಿದ್ದಳು. ಗಿರಾಕಿಗಳೂ ಮರುಮಾತಿಲ್ಲದೆ ಹಾಕುತ್ತಿದ್ದರು. ಹತ್ತು ವರ್ಷದಲ್ಲಿ ಒಬ್ಬರಿಗೂ ಮೋಸ ಆಗಿರಲಿಲ್ಲ.

ಅಂಗಡಿ ಅಂದರೆ ಮನೆಯ ಮುಂದಿನ ಕೋಣೆಯೇ. ಕಿಟಕಿಗೆ ಒರಗಿಸಿಟ್ಟ ಒಂದು ಹೊಲಿಗೆ ಮಷೀನು, ಬಟ್ಟೆ ಕತ್ತರಿಸುವ ಉದ್ದನೆ ಮೇಜು, ಮೂಲೆಯಲ್ಲಿ ಇಸ್ತ್ರಿ ಪೆಟ್ಟಿಗೆ. ಬಾಗಿಲ ಹತ್ತಿರ ಬೆಳಕು ಚೆನ್ನಾಗಿರುವ ಜಾಗದಲ್ಲಿ ಅವಳ ಅತ್ತೆಯ ಸ್ಟೂಲು. ಗುಂಡಿ, ಹುಕ್ಕು, ಕಾಜ, ಎಲ್ಲ ಅತ್ತೆಯ ಇಲಾಖೆ. ಅತ್ತೆಯ ಕೈಯೂ ಚುರುಕು, ನಾಲಿಗೆಯಂತೂ ಕೇಳಲೇಬೇಡಿ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಬೆಳಿಗ್ಗೆ ಹೋದರೆ ಸಂಜೆಗೆ ಗ್ರೀಸ್ ಮೆತ್ತಿಕೊಂಡು ಬರುವವನು.

ಈ "ನಾಡಿದ್ದು" ಅನ್ನುವುದು ಸೋಮಾರಿತನದಿಂದ ಬಂದದ್ದಲ್ಲ. ಬಟ್ಟೆಯ ಅಂಚು ಬಿಚ್ಚಿಕೊಳ್ಳದ ಹಾಗೆ ಹೊಲಿಯಲು ಓವರ್‌ಲಾಕ್ ಮಷೀನು ಬೇಕು. ಅದು ಅವಳ ಹತ್ತಿರ ಇರಲಿಲ್ಲ. ಪ್ರತಿ ಅಂಗಿಯನ್ನೂ ಮೂರು ಬೀದಿ ಆಚೆಯ ಅಂಗಡಿಗೆ ಕಳಿಸಿ, ಅವನು ಕೊಟ್ಟಾಗ ತರಬೇಕಿತ್ತು. ಅಷ್ಟರಲ್ಲಿ ನರ್ಸಿಂಗ್ ಶಾಲೆಯಿಂದ ಇನ್ನೂರು ಗೌನು ಹೊಲಿಯುವ ಆರ್ಡರ್ ಸಿಕ್ಕಿತು. "ಈ ಸಲ ಸ್ವಂತ ಮಷೀನು ತಗೊಳ್ಳಲೇಬೇಕು" ಅಂತ ನಾಡಿದ್ದಕ್ಕ ಹಟ ಹಿಡಿದಳು.

ಫೋನಿನಲ್ಲಿ ಒಂದು ಜಾಹೀರಾತು ಕಂಡಿತು. ಹೊಸ ಓವರ್‌ಲಾಕ್ ಮಷೀನು, ಮೂವತ್ತೆಂಟು ಸಾವಿರ. ಅಂಗಡಿಯ ಬೆಲೆಗಿಂತ ಹತ್ತು ಸಾವಿರ ಕಮ್ಮಿ. ಕಾರ್ಡಿನಲ್ಲಿ ತಗೊಂಡರೆ ಹನ್ನೆರಡು ಕಂತು.

ಅತ್ತೆ ಕನ್ನಡಕ ಮೂಗಿನ ತುದಿಗೆ ಜಾರಿಸಿ ನೋಡಿದರು. "ಒಂದು ಮೀಟರ್ ಬಟ್ಟೆ ತಗೊಳ್ಳೋಕೆ ಹತ್ತು ಸಲ ಉಜ್ಜಿ ನೋಡ್ತೀಯ. ಮಷೀನನ್ನ ಮುಟ್ಟದೆ ನೋಡದೆ ತಗೊಳ್ತೀಯಾ?"

"ಈಗೆಲ್ಲ ಹಾಗೇ ಅತ್ತೆ. ಎಲ್ಲರೂ ಫೋನಲ್ಲೇ ತಗೊಳ್ತಾರೆ."

"ಎಲ್ಲರೂ ಅಂದ್ರೆ ಯಾರು? ಹೆಸರು ಹೇಳು."

ನಾಡಿದ್ದಕ್ಕ ಹೆಸರು ಹೇಳುವ ಬದಲು ಕಾರ್ಡಿನ ನಂಬರ್ ಹಾಕಿದಳು. ಫೋನಿಗೆ ಓಟಿಪಿ ಬಂತು, ಅದನ್ನೂ ತನ್ನ ಕೈಯಾರೆ ಹಾಕಿದಳು. ದುಡ್ಡು ಹೋಯಿತು.

ಐದನೇ ದಿನ ಒಂದು ಪಾರ್ಸೆಲ್ ಬಂತು. ಅಂಗೈಗಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ. ಒಳಗೆ ಒಂದು ಪ್ಯಾಕೆಟ್ ಸೂಜಿ, ಒಂದು ಸ್ಕ್ರೂ ಡ್ರೈವರ್, ಒಂದು ಪುಟ್ಟ ಎಣ್ಣೆ ಬಾಟಲಿ. ಮಷೀನು ಎಲ್ಲಿ? ಮಾರಿದವನಿಗೆ ಮೆಸೇಜ್ ಹಾಕಿದಳು. ತಕ್ಷಣ ಉತ್ತರ ಬಂತು. "ಬಿಡಿಭಾಗ ಮೊದಲು ಬರುತ್ತೆ ಮೇಡಂ. ಮಷೀನು ಭಾರ ಅಲ್ವಾ, ಬೇರೆ ಗಾಡಿಯಲ್ಲಿ ಬರುತ್ತೆ. ಮಾಲು ತಲುಪಿತು ಅಂತ ನೀವು ಒತ್ತಿದರೆ ಮಾತ್ರ ಎರಡನೇದು ಹೊರಡೋದು."

ಬೇರೆ ಯಾರೇ ಆಗಿದ್ದರೂ ಇಲ್ಲಿ ಒಂದು ಗಳಿಗೆ ಅನುಮಾನ ಪಡುತ್ತಿದ್ದರು. ನಾಡಿದ್ದಕ್ಕನಿಗೆ ಅನುಮಾನ ಹೇಗೆ ಬರಬೇಕು ಹೇಳಿ! ಅಂಗಿ ಮೊದಲು, ಪ್ಯಾಂಟು ಆಮೇಲೆ, ಸಹಿ ಮಾತ್ರ ಈಗಲೇ. ಇದು ಅವಳ ಅಂಗಡಿಯ ಪದ್ಧತಿಯೇ ಅಲ್ಲವೆ? "ಪಾಪ, ಅವರಿಗೂ ನನ್ನ ಹಾಗೇ ಕೆಲಸದ ಒತ್ತಡ" ಅಂದುಕೊಂಡು ಆ ಅಂಗಡಿಯ ಪೇಜಿನಲ್ಲಿ 'ಮಾಲು ತಲುಪಿತು' ಅಂತ ಒತ್ತಿಬಿಟ್ಟಳು. ಮಾರನೇ ದಿನ ಲೋಡಿಂಗ್ ಖರ್ಚು ಅಂತ ಎರಡು ಸಾವಿರದ ನಾನೂರು ಕೇಳಿದ. ಅದನ್ನು ಕಾರ್ಡಿನಲ್ಲಿ ಅಲ್ಲ, ನೇರವಾಗಿ ಯಾರದೋ ಖಾತೆಗೆ ಹಾಕಬೇಕಂತೆ. ಹಾಕಿದಳು.

ಆಮೇಲೆ ಶುರುವಾಯಿತು ನೋಡಿ. "ಇನ್ನೆರಡು ದಿನ ಮೇಡಂ." "ಗಾಡಿ ಕೆಟ್ಟಿದೆ ಮೇಡಂ, ನಾಡಿದ್ದು ಗ್ಯಾರಂಟಿ." ಪ್ರತಿ ಸಲವೂ ನಾಡಿದ್ದಕ್ಕ, "ಆಯ್ತು ಸಾರ್, ನಿಧಾನಕ್ಕೆ ಕಳಿಸಿ" ಅಂತ ಬರೆದಳು. ಆ ಮೋಸಗಾರನಿಗೆ ಇಷ್ಟು ಸಹನೆಯ ಗಿರಾಕಿ ಜನ್ಮದಲ್ಲಿ ಸಿಕ್ಕಿರಲಿಕ್ಕಿಲ್ಲ.

ಹದಿನಾರನೇ ದಿನ ಫೋನು ಸ್ವಿಚ್ ಆಫ್. ಆ ಅಂಗಡಿಯ ಪೇಜು ತೆರೆಯಲೇ ಇಲ್ಲ. ನಾಡಿದ್ದಕ್ಕ ಅಳತೆ ಟೇಪು ಕೊರಳಲ್ಲಿ ಹಾಕಿಕೊಂಡು, ಕತ್ತರಿ ಕೈಯಲ್ಲಿ ಹಿಡಿದು, ಬಟ್ಟೆ ಕತ್ತರಿಸದೆ ಅರ್ಧ ಗಂಟೆ ಹಾಗೇ ನಿಂತಿದ್ದಳು.

ಆಗಲೇ ಯಾರಿಗಾದರೂ ಹೇಳಿದಳೇ? ಇಲ್ಲ. ಎಲ್ಲರೂ ಅಂದ್ರೆ ಯಾರು ಅಂತ ಅತ್ತೆ ಅವತ್ತೇ ಕೇಳಿದ್ದರಲ್ಲ, ಈಗ ಯಾವ ಮುಖ ಇಟ್ಟುಕೊಂಡು ಹೇಳುವುದು? ಮೂರು ದಿನ ಬಾಯಿಗೆ ಬೀಗ ಹಾಕಿಕೊಂಡಳು. ನಾಲ್ಕನೇ ದಿನ ಕಾರ್ಡಿನ ಮೊದಲ ಕಂತು ಕಟ್ಟಿ ಅಂತ ಮೆಸೇಜ್ ಬಂತು. ಗಂಡ ಅದನ್ನು ನೋಡಿದ.

"ಮಷೀನು ಎಲ್ಲಿ?" ಅಂದ.

ನಾಡಿದ್ದಕ್ಕ ಅತ್ತಳು. ಬಾರದ ಮಷೀನಿಗೆ ಒಂದು ವರ್ಷ ಕಂತು ಕಟ್ಟಬೇಕಲ್ಲ, ಇನ್ನು ಬೇರೆ ಮಷೀನು ತಗೊಳ್ಳಲು ಎಲ್ಲಿಂದ ತರುವುದು, ಇನ್ನೂರು ಗೌನಿನ ಆರ್ಡರ್ ಕೈತಪ್ಪಿ ಹೋಗುತ್ತಲ್ಲ ಅಂತ ಅತ್ತಳು. ಗಂಡ ಕೆಟ್ಟವನಲ್ಲ. ಆದರೆ ಗಾಬರಿಯಲ್ಲಿ ಅವನ ತಲೆಗೆ ಒಂದೇ ಉಪಾಯ ಹೊಳೆಯಿತು.

"ಬ್ಯಾಂಕಿಗೆ ಹೋಗಿ ನಾನು ದುಡ್ಡೇ ಕೊಟ್ಟಿಲ್ಲ ಅನ್ನು. ಯಾರೋ ಕಾರ್ಡಿನ ನಂಬರ್ ಕದ್ದು ಮಾಡಿದ್ದಾರೆ ಅನ್ನು. ಆಗ ಬ್ಯಾಂಕಿನವರೇ ಕೊಡ್ತಾರೆ."

"ಸುಳ್ಳಲ್ವಾ?"

"ಅವನು ಹೇಳಿದ್ದೇನು ಸತ್ಯವಾ?"

ಮಾತೇನೋ ಸರಿಯಾಗಿಯೇ ಕೇಳಿಸಿತು. ಮರುದಿನ ನಾಡಿದ್ದಕ್ಕ ಬ್ಯಾಂಕಿನ ಕೌಂಟರಿನ ಮುಂದೆ ನಿಂತು, ನೆಲ ನೋಡುತ್ತ ಆ ಸುಳ್ಳನ್ನು ಹೇಳಿದಳು. ಒಳಗೆ ಕೂತಿದ್ದ ದಪ್ಪ ಕನ್ನಡಕದ ಅಧಿಕಾರಿ ಕಂಪ್ಯೂಟರಿನಲ್ಲಿ ಏನೇನೋ ತೆಗೆದು ನೋಡಿದ.

"ಓಟಿಪಿ ನಿಮ್ಮ ಫೋನಿಗೇ ಬಂದಿದೆ. ನಿಮ್ಮ ಫೋನಿಂದಲೇ ಹಾಕಿದ್ದಾರೆ. ಮಾಲು ತಲುಪಿತು ಅಂತ ಒತ್ತಿದ್ದು ಕೂಡ ಅಂಗಡಿಯ ಕಡೆಯಿಂದ ದಾಖಲಾಗಿದೆ. ಯಾರೋ ಕದ್ದರು ಅಂದ್ರೆ ಹೇಗಮ್ಮಾ ನಂಬೋದು? ಇದಕ್ಕೆ ಹೊಣೆ ನೀವೇ. ಕಂತು ಕಟ್ಟಬೇಕಾಗುತ್ತೆ."

ನಾಡಿದ್ದಕ್ಕನಿಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಹೇಗೆ ಮನೆ ಸೇರಿದಳೋ ಅವಳಿಗೇ ಗೊತ್ತಿಲ್ಲ.

ಹಿಂದಿನ ದಿನದ ಅಳು, ಮಾತು ಎಲ್ಲ ಕೇಳಿಸಿಕೊಂಡಿದ್ದ ಅತ್ತೆ ಗುಂಡಿ ಹೊಲಿಯುತ್ತ, ತಲೆ ಎತ್ತದೆ ಕೇಳಿದರು. "ಬ್ಯಾಂಕಿನವರು ನಕ್ಕರಾ?"

"ಇಲ್ಲ ಅತ್ತೆ."

"ಎದುರಿಗೆ ನಗಲ್ಲ. ಹಿಂದಿಂದ ನಗ್ತಾರೆ. ನಾನು ಹೇಳ್ತೀನಿ ಕೇಳು. ಹೋಗಿದ್ದು ಹೋಯ್ತು. ಬಾಯಿ ಮುಚ್ಕೊಂಡು ಕಂತು ಕಟ್ಟು. ಬ್ಯಾಂಕು, ಪೊಲೀಸು ಅಂತ ಅಲೆದರೆ ಬೀದಿಗೆಲ್ಲ ಗೊತ್ತಾಗುತ್ತೆ, ದುಡ್ಡಂತೂ ಬರಲ್ಲ. ಇದೆಲ್ಲ ನಮ್ಮಂಥವರಿಗೆ ಆಗೋ ಕೆಲಸ ಅಲ್ಲ."

ಅಷ್ಟು ಖಾರವಾಗಿ ಹೇಳಿದ ಮೇಲೆ ಅತ್ತೆ ಆ ದಿನವೆಲ್ಲ ಮಾತೇ ಆಡಲಿಲ್ಲ. ಸೊಸೆಗೆ ಅತ್ತೆಯ ಸಿಟ್ಟು ಹೊಸದಲ್ಲ, ಅವರ ಮೌನ ಮಾತ್ರ ಹೊಸದು.

ಇಂಥ ಹೊತ್ತಿನಲ್ಲಿ ಬಾಗಿಲಿಗೆ ಬಂದವರು ಕೋಟಿನ ಮೇಡಂ. ಅಂದರೆ, ಮೂರು ವಾರದ ಹಿಂದೆ ಒಂದು ಕೋಟು ಹೊಲಿಯಲು ಕೊಟ್ಟು, ಆರು ಸಲ ನಾಡಿದ್ದು ಅನ್ನಿಸಿಕೊಂಡಿದ್ದ ಗಿರಾಕಿ. ಊರಿನ ಗ್ರಾಹಕರ ಸಲಹಾ ಕೇಂದ್ರದಲ್ಲಿ ಕೆಲಸ ಅವರಿಗೆ. ಕೊಂಡುಕೊಂಡು ಮೋಸಹೋದವರ ದೂರು ಬರೆಸುವುದು, ದಾರಿ ಹೇಳುವುದು. ಆ ದಿನ ಜಗಳ ಆಡಲೇಬೇಕು ಅಂತ ತಯಾರಾಗಿಯೇ ಬಂದಿದ್ದರು.

"ನಾಡಿದ್ದಕ್ಕ, ಚಳಿಗಾಲ ಮುಗಿದ ಮೇಲೆ ಕೋಟು ಕೊಡ್ತೀರೋ, ನಾನು ಮುದುಕಿ ಆದ ಮೇಲೆ ಕೊಡ್ತೀರೋ?"

ನಾಡಿದ್ದಕ್ಕ ತಲೆ ಎತ್ತಿದಳು. ಅತ್ತು ಅತ್ತು ಕಣ್ಣು ಊದಿತ್ತು. ಮೇಡಮ್ಮಿನ ಜಗಳ ಅಲ್ಲೇ ನಿಂತುಹೋಯಿತು. "ಏನಾಯ್ತಕ್ಕ?" ಅಂತ ಇನ್ನೊಂದು ಸ್ಟೂಲು ಎಳೆದುಕೊಂಡು ಕೂತರು.

ಅತ್ತೆ ಬೇಡ ಅಂತ ಕಣ್ಣಲ್ಲೇ ಹೇಳಿದರು. ನಾಡಿದ್ದಕ್ಕ ಕೇಳಲಿಲ್ಲ. ಹೊಟ್ಟೆಯಲ್ಲಿ ಇದ್ದದ್ದನ್ನೆಲ್ಲ ಹೇಳಿಬಿಟ್ಟಳು. ಜಾಹೀರಾತು, ಓಟಿಪಿ, ಸೂಜಿ ಪ್ಯಾಕೆಟ್ಟು, ಒತ್ತಿದ್ದು, ಕೊನೆಗೆ ಬ್ಯಾಂಕಿನಲ್ಲಿ ಹೇಳಿದ ಸುಳ್ಳೂ.

ಮೇಡಂ ಪೂರ್ತಿ ಕೇಳಿ ಹಣೆ ಚಚ್ಚಿಕೊಂಡರು. "ಅಯ್ಯೋ ಅಕ್ಕ! ಅಂಗಿಯ ಅಳತೆ ಕೊಟ್ಟು ಪ್ಯಾಂಟು ಹೊಲೀರಿ ಅಂದಿದ್ದೀರಲ್ಲ. ಸರಿ ಹೋಗುತ್ತಾ?"

"ಅಂದ್ರೆ?"

"ದೂರಿನಲ್ಲಿ ಬೇರೆ ಬೇರೆ ಬಗೆ ಇದೆ. ನಾನು ಕೊಟ್ಟೇ ಇಲ್ಲ, ಕದ್ದರು ಅನ್ನೋದು ಒಂದು. ನಾನೇ ಕೊಟ್ಟೆ, ಆದರೆ ಕೊಂಡ ಮಾಲು ಬರಲೇ ಇಲ್ಲ ಅನ್ನೋದು ಇನ್ನೊಂದು. ಇದಕ್ಕೇ ಒಂದು ಅರ್ಜಿ, ಅದಕ್ಕೇ ಒಂದು. ನಿಮ್ಮದು ಎರಡನೇದು. ನೀವು ಹೋಗಿ ಮೊದಲನೇದು ಹೇಳಿದ್ರಿ. ಅವರ ದಾಖಲೆ ನಿಮ್ಮ ಮಾತಿಗೆ ವಿರುದ್ಧ ಇತ್ತು, ತಳ್ಳಿಹಾಕಿದ್ರು. ನಿಜ ಹೇಳಿದ್ದಿದ್ರೆ ನಿಮಗೆ ದಾರಿ ಇತ್ತು."

"ಆದ್ರೆ ಒತ್ತಿದ್ದು ನನ್ನ ಬೆರಳೇ ಅಲ್ವಾ ಮೇಡಂ?" ಅಂದಳು ನಾಡಿದ್ದಕ್ಕ. "ಕೊಟ್ಟಿದ್ದು ನಾನೇ, ತಲುಪಿತು ಅಂದಿದ್ದೂ ನಾನೇ. ತಪ್ಪೆಲ್ಲ ನಂದೇ. ಬ್ಯಾಂಕಿನವರು ಯಾಕೆ ಕೊಡಬೇಕು?"

"ನಿಮ್ಮ ಬೆರಳೇ, ಸರಿ. ಏನು ಹೇಳಿ ಒತ್ತಿಸಿದ್ರು? ಆ ಮೆಸೇಜ್ ಇದೆಯಾ, ಅಳಿಸಿಬಿಟ್ರಾ?"

"ಇದೆ. ನೋಡಿದ್ರೆ ಹೊಟ್ಟೆ ಉರಿಯುತ್ತೆ, ಇವತ್ತು ಅಳಿಸೋಣ ಅಂತಿದ್ದೆ."

"ಮುಟ್ಟಬೇಡಿ!" ಮೇಡಂ ಕಿರುಚಿದ ರಭಸಕ್ಕೆ ಅತ್ತೆಯ ಕೈಯ ಸೂಜಿ ಕೆಳಗೆ ಬಿತ್ತು. "ಅದೇ ನಿಮ್ಮ ಸಾಕ್ಷಿ. 'ನೀವು ಒತ್ತಿದರೆ ಮಾತ್ರ ಎರಡನೇದು ಹೊರಡೋದು' ಅಂತ ಅವನೇ ಬರೆದಿದ್ದಾನಲ್ಲ? ಅಂದ್ರೆ ನೀವು ಒತ್ತಿದಾಗ ಮಷೀನು ಹೊರಟೇ ಇರಲಿಲ್ಲ ಅಂತ ಅವನೇ ಒಪ್ಪಿಕೊಂಡ ಹಾಗಾಯ್ತು. ಎಲ್ಲದರ ಫೋಟೋ ತೆಗೆದು ಎರಡು ಕಡೆ ಇಟ್ಟುಕೊಳ್ಳಿ. ಆ ಜಾಹೀರಾತು?"

"ಅದರ ಫೋಟೋ ನಮ್ಮ ಯಜಮಾನರಿಗೆ ಕಳಿಸಿದ್ದೆ, ನೋಡ್ರೀ ಎಷ್ಟು ಅಗ್ಗ ಅಂತ. ಅವರ ಫೋನಲ್ಲಿ ಇರುತ್ತೆ."

"ಒಳ್ಳೇದು. ಪಾರ್ಸೆಲ್ ಬಂದ ಪೆಟ್ಟಿಗೆ? ಬಿಸಾಕಿದ್ರಾ?"

ನಾಡಿದ್ದಕ್ಕ ಅತ್ತೆಯ ಕಡೆ ನೋಡಿದಳು. ಅತ್ತೆ ತಮ್ಮ ಕಾಲ ಹತ್ತಿರ ನೋಡಿಕೊಂಡರು. ಗಟ್ಟಿ ರಟ್ಟು, ಬಿಸಾಕಲು ಮನಸ್ಸು ಬಾರದೆ ಅವರು ಅದರಲ್ಲಿ ಗುಂಡಿ ತುಂಬಿಟ್ಟುಕೊಂಡಿದ್ದರು. ಮೇಡಂ ಪೆಟ್ಟಿಗೆ ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದರು. ಕೊರಿಯರ್ ಚೀಟಿ ಇನ್ನೂ ಅಂಟಿಕೊಂಡಿತ್ತು. ತೂಕ: ಮುನ್ನೂರ ನಲವತ್ತು ಗ್ರಾಂ.

"ಜಾಹೀರಾತಿನಲ್ಲಿ ಮಷೀನಿನ ತೂಕ ಎಷ್ಟು ಅಂತ ಇತ್ತು?"

"ಇಪ್ಪತ್ತೆಂಟು ಕಿಲೋ."

"ಇಪ್ಪತ್ತೆಂಟು ಕಿಲೋ ಮಷೀನು ಮುನ್ನೂರ ನಲವತ್ತು ಗ್ರಾಂ ಪೆಟ್ಟಿಗೆಯಲ್ಲಿ ಹೇಗೆ ತಲುಪುತ್ತೆ, ಯಾರಾದರೂ ಲೆಕ್ಕ ಹೇಳಲಿ ನೋಡೋಣ!"

ಅತ್ತೆ ಗೊಣಗಿದರು. "ಚೀಟಿ ತೋರಿಸಿದ್ರೆ ದುಡ್ಡು ಬಂದುಬಿಡುತ್ತಾ? ಸುಮ್ನೆ ಆಸೆ ಹುಟ್ಟಿಸಬೇಡಿ ಮೇಡಂ."

"ಬಂದೇ ಬರುತ್ತೆ ಅಂತ ನಾನು ಬರೆದುಕೊಡಲ್ಲ ಅಮ್ಮ" ಅಂದರು ಮೇಡಂ. "ಆದರೆ ಕಾರ್ಡಿನಲ್ಲಿ ಕೊಟ್ಟ ದುಡ್ಡಿಗೆ ತಕರಾರು ಹಾಕೋ ಹಕ್ಕು ಇದೆ. ನಮ್ಮ ಬ್ಯಾಂಕು ಮಾರಿದವನ ಬ್ಯಾಂಕಿಗೆ, ಮಾಲು ಕಳಿಸಿದ್ದಕ್ಕೆ ಸಾಕ್ಷಿ ತೋರಿಸಿ ಅಂತ ಕೇಳುತ್ತೆ. ತೋರಿಸೋಕೆ ಆಗದೇ ಇದ್ದರೆ ದುಡ್ಡು ತಿರುಗಿ ಬರಬಹುದು. ಅದಕ್ಕೆ ಒಂದು ಗಡುವು ಇರುತ್ತೆ. ಇವನು ಇನ್ನೆರಡು ದಿನ, ಇನ್ನೆರಡು ದಿನ ಅಂದಿದ್ದು ಯಾಕೆ ಅಂದ್ಕೊಂಡ್ರಿ? ನಿಮ್ಮ ಗಡುವು ತಿನ್ನೋಕೆ. ಸದ್ಯ, ನಿಮ್ಮದು ಇನ್ನೂ ಮುಗಿದಿಲ್ಲ."

ನಾಡಿದ್ದಕ್ಕ ಬಾಯಿ ಬಿಟ್ಟು ಕೇಳುತ್ತಿದ್ದಳು. ತಾನು ಅಷ್ಟು ದಿನ ಅವನ ಮೇಲೆ ಕನಿಕರ ಪಟ್ಟದ್ದು ನೆನೆದು ಅವಳಿಗೆ ಮೈಯೆಲ್ಲ ಉರಿಯಿತು. ಒಳ್ಳೆಯದೇ ಆಯಿತು, ಅಳು ನಿಂತಿತು.

"ಮತ್ತೆ ಆ ಎರಡು ಸಾವಿರದ ನಾನೂರು?"

ಮೇಡಂ ತಲೆ ಅಲ್ಲಾಡಿಸಿದರು. "ಅದು ಕಷ್ಟ ಅಕ್ಕ. ನೇರವಾಗಿ ಖಾತೆಗೆ ಹಾಕಿದ್ದೀರಿ. ಹಾಕಿದ ಗಳಿಗೆಯಲ್ಲೇ ಸೈಬರ್ ದೂರಿನ ನಂಬರಿಗೆ ಫೋನ್ ಮಾಡಿದ್ದಿದ್ರೆ ಆ ಖಾತೆ ತಡೆಹಿಡಿಯೋ ಅವಕಾಶ ಇತ್ತು. ಈಗಲೂ ದೂರು ಕೊಡಿ. ಇನ್ನೊಂದು ಮಾತು. ದುಡ್ಡು ವಾಪಸ್ ಕೊಡಿಸ್ತೀವಿ, ಸ್ವಲ್ಪ ಫೀಸು ಕೊಡಿ, ಓಟಿಪಿ ಹೇಳಿ ಅಂತ ಯಾರಾದರೂ ಫೋನ್ ಮಾಡಿದ್ರೆ ಇಟ್ಟುಬಿಡಿ. ಅವರೂ ಅದೇ ಗುಂಪಿನವರು."

ಎಲ್ಲ ಸರಿ. ಆದರೆ ಒಂದು ಕೆಲಸ ಬಾಕಿ ಇತ್ತಲ್ಲ. ಬ್ಯಾಂಕಿಗೆ ಹೋಗಿ, ಅದೇ ಕೌಂಟರಿನ ಮುಂದೆ ನಿಂತು, ಮೊನ್ನೆ ಹೇಳಿದ್ದು ಸುಳ್ಳು ಅಂತ ಒಪ್ಪಿಕೊಳ್ಳಬೇಕು. "ನನ್ನ ಕೈಲಾಗಲ್ಲ ಮೇಡಂ" ಅಂದಳು ನಾಡಿದ್ದಕ್ಕ. ಮೇಡಂ ಅರ್ಜಿ ಬರೆಯಲು ಕಾಗದ ತೆಗೆದರು. "ಮೊದಲ ಸಾಲೇ ಅದು. ಬರೀರಿ."

ಆ ಸಂಜೆ ಗಂಡನಿಗೆ ಎಲ್ಲ ಹೇಳಿದಳು. ಅವನು ಕೈ ಒರೆಸಿಕೊಳ್ಳುತ್ತ ನಿಂತ, ತಲೆ ಕೆರೆದುಕೊಂಡ. ಮರುದಿನ ಡಿಪೋಗೆ ಅರ್ಧ ದಿನ ರಜೆ ಹಾಕಿ ಅವಳ ಜೊತೆ ಹೊರಟ.

ಬ್ಯಾಂಕಿನಲ್ಲಿ ಅದೇ ದಪ್ಪ ಕನ್ನಡಕ. ನಾಡಿದ್ದಕ್ಕ ಅರ್ಜಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಸಾರ್, ಮೊನ್ನೆ ನಾನು ಸುಳ್ಳು ಹೇಳಿದೆ. ದುಡ್ಡು ಕೊಟ್ಟಿದ್ದು ನಾನೇ. ಓಟಿಪಿ ಹಾಕಿದ್ದೂ ನಾನೇ. ಮಷೀನು ಬಂದಿಲ್ಲ. ತಲುಪಿತು ಅಂತ ಒತ್ತಿದ್ದೂ ನಾನೇ, ಅವನು ಒತ್ತಿಸಿದ."

"ಸುಳ್ಳು ಹೇಳು ಅಂದವನು ನಾನು ಸಾರ್" ಅಂದ ಗಂಡ, ಹಿಂದಿನಿಂದ. "ಅವಳನ್ನ ಬೈಬೇಡಿ."

ಅಧಿಕಾರಿ ಕನ್ನಡಕ ತೆಗೆದು ಇಬ್ಬರನ್ನೂ ನೋಡಿದ. ಬೈಯಲಿಲ್ಲ. ಮೆಸೇಜುಗಳ ಫೋಟೋ ನೋಡಿದ, ಕೊರಿಯರ್ ಚೀಟಿ ನೋಡಿದ. ಗುಂಡಿ ಖಾಲಿ ಮಾಡಿ ತಂದಿದ್ದ ಆ ರಟ್ಟಿನ ಪೆಟ್ಟಿಗೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ತೂಗಿ ನೋಡಿ ಮೆಲ್ಲಗೆ ನಕ್ಕ. "ಇದರೊಳಗೆ ಓವರ್‌ಲಾಕ್ ಮಷೀನಾ! ಅಮ್ಮಾ, ಇದನ್ನ ಮೊದಲ ದಿನವೇ ಹೇಳಬಾರದಿತ್ತಾ? ಇದು ಬೇರೆ ದೂರು. ತಗೊಳ್ತೀನಿ. ವಿಚಾರಣೆ ಮುಗಿಯೋವರೆಗೆ ಈ ಕಂತು ತಡೆಹಿಡೀರಿ ಅಂತಾನೂ ಇದರಲ್ಲೇ ಬರೆದುಬಿಡಿ. ದೂರಿನ ನಂಬರ್ ಇಸ್ಕೊಳ್ಳದೆ ಹೋಗಬೇಡಿ."

ಅಲ್ಲಿಂದ ನೇರ ಪೊಲೀಸರ ಹತ್ತಿರ ಹೋಗಿ ಸೈಬರ್ ದೂರೂ ಬರೆಸಿದರು. ಮಧ್ಯದಲ್ಲಿ ಒಂದು ಸಲ ಬ್ಯಾಂಕಿನಿಂದ ಪತ್ರ ಬಂತು, ಜಾಹೀರಾತಿನ ಫೋಟೋ ಇನ್ನೂ ಸ್ಪಷ್ಟವಾಗಿ ಬೇಕು ಅಂತ. ಹತ್ತು ದಿನ ಟೈಮು ಕೊಟ್ಟಿದ್ದರು. ನಮ್ಮ ನಾಡಿದ್ದಕ್ಕ ಅದೇ ದಿನ, ಊಟಕ್ಕೂ ಕೂರದೆ ಹೋಗಿ ಕೊಟ್ಟು ಬಂದಳು. ಬೀದಿಯಲ್ಲಿ ಇದು ದೊಡ್ಡ ಸುದ್ದಿ ಆಯಿತು ಬಿಡಿ. ಕೋಟಿನ ಮೇಡಮ್ಮಿಗೂ ಆ ವಾರವೇ ಕೋಟು ಸಿಕ್ಕಿತು, ಗುಂಡಿಗಳ ಸಮೇತ.

ಅರ್ಜಿ ಕೊಟ್ಟ ನಲವತ್ತೊಂದನೇ ದಿನ ಕೊನೆಯ ಪತ್ರ ಬಂತು. ನಾಡಿದ್ದಕ್ಕ ಕತ್ತರಿ ಕೆಳಗಿಟ್ಟು, ನಿಂತುಕೊಂಡೇ ಗಟ್ಟಿಯಾಗಿ ಓದಿದಳು. ಮಾಲು ತಲುಪಿಸಿದ್ದಕ್ಕೆ ಮಾರಿದವನ ಕಡೆಯಿಂದ ಸರಿಯಾದ ಸಾಕ್ಷಿ ಬಂದಿಲ್ಲ. ಮೂವತ್ತೆಂಟು ಸಾವಿರವನ್ನೂ ಅದರ ಕಂತುಗಳನ್ನೂ ನಿಮ್ಮ ಹೆಸರಿನಿಂದ ತೆಗೆದುಹಾಕಲಾಗಿದೆ. ಖಾತೆಗೆ ನೇರವಾಗಿ ಕಳಿಸಿದ ಎರಡು ಸಾವಿರದ ನಾನೂರು ಮಾತ್ರ ವಾಪಸ್ ಕೊಡಿಸಲು ಆಗಿಲ್ಲ, ಪೊಲೀಸ್ ವಿಚಾರಣೆ ನಡೆಯುತ್ತಿದೆ.

ಗಂಡ "ಅಬ್ಬ!" ಅಂತ ಬಾಗಿಲಿಗೆ ಒರಗಿ ನಿಂತ. ನರ್ಸಿಂಗ್ ಶಾಲೆಯವರು, ಕೇಳಿಕೊಂಡದ್ದಕ್ಕೆ, ಈ ತಿಂಗಳ ಕೊನೆಯವರೆಗೆ ಸಮಯ ಕೊಟ್ಟಿದ್ದರು. ಇನ್ನು ಅಂಗಡಿಗೇ ಹೋಗಿ, ಕಣ್ಣಾರೆ ನೋಡಿ, ಮಷೀನು ತರಬಹುದು.

"ಇನ್ನೊಂದು ಸಲ ಓದು" ಅಂದರು ಅತ್ತೆ.

ಓದಿದಳು.

"ನೀನೇ ದುಡ್ಡು ಕೊಟ್ಟಿದ್ದು ಅಂತ ಗೊತ್ತಿದ್ದೂ ತೆಗೆದುಹಾಕಿದ್ರಾ?"

"ಹೌದು ಅತ್ತೆ. ಅರ್ಜಿಯಲ್ಲೇ ನಾನು ಕೊಟ್ಟೆ ಅಂತ ಬರೆದಿತ್ತಲ್ಲ."

ಅತ್ತೆ ಸೂಜಿಯನ್ನು ಬಟ್ಟೆಗೆ ಚುಚ್ಚಿ ಪಕ್ಕಕ್ಕಿಟ್ಟರು. ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡರು. ಆ ಕೈ ಸುಮ್ಮನಿದ್ದದ್ದನ್ನು ಸೊಸೆ ಅದುವರೆಗೆ ನೋಡಿರಲಿಲ್ಲ.

"ನಿಮ್ಮ ಮಾವನಿಗೆ ಕೊನೆ ಕೊನೆಗೆ ಕಿವಿ ಕೇಳ್ತಿರಲಿಲ್ಲವಲ್ಲ" ಅಂದರು. "ನಾನು ಒಂದು ಕಿವಿ ಮಷೀನು ತರಿಸಿದ್ದೆ ಕಣೇ, ಫೋನಲ್ಲಿ ನೋಡಿ. ಗುಂಡಿ ಹೊಲಿದ ದುಡ್ಡು ಕೂಡಿಟ್ಟಿದ್ದೆ, ಅಷ್ಟೂ ಹಾಕಿದೆ. ಪೆಟ್ಟಿಗೆ ಬಿಚ್ಚಿದ್ರೆ ಒಳಗೆ ಮಕ್ಕಳ ಆಟದ ಸಾಮಾನು. ಪ್ಲಾಸ್ಟಿಕ್ಕಿನ ಒಂದು ಕಾರು. ಯಾರಿಗೂ ಹೇಳಲಿಲ್ಲ. ಮುದುಕಿಗೆ ಯಾಕೆ ಬೇಕಿತ್ತು ಅಂತ ನಗ್ತೀರಿ ಅಂತ. ಮಾವ ಹೋಗೋವರೆಗೂ ಆ ಕಿವಿಗೆ ಕೂಗಿ ಕೂಗಿ ಮಾತಾಡಿದೆ. ಸಿಟ್ಟಿಗೆ ಕೂಗ್ತಿದ್ದೀನಿ ಅಂದ್ಕೊಂಡ್ರೋ ಏನೋ, ಪಾಪ."

ಮಗ ತಲೆ ತಗ್ಗಿಸಿದ. ಸೊಸೆ ಹೋಗಿ ಅತ್ತೆಯ ಸ್ಟೂಲಿನ ಪಕ್ಕ ನೆಲದ ಮೇಲೆ ಕೂತಳು. ಬಾಯಿ ಮುಚ್ಕೊಂಡು ಕಂತು ಕಟ್ಟು ಅಂತ ಅತ್ತೆ ಯಾಕೆ ಹೇಳಿದ್ದರು ಅಂತ ಅವಳಿಗೆ ಆಗ ಅರ್ಥವಾಯಿತು.

"ಅದಾಗಿ ಎಷ್ಟು ದಿನ ಆಯ್ತು ಅತ್ತೆ?"

"ಎರಡು ವರ್ಷದ ಮೇಲಾಯ್ತು."

"ಏಳಿ. ಸಲಹಾ ಕೇಂದ್ರ ಐದು ಗಂಟೆವರೆಗೆ ತೆಗೆದಿರುತ್ತೆ."

"ಹುಚ್ಚೀ, ಇಷ್ಟು ದಿನದ ಮೇಲೆ ಯಾರು ಕೊಡ್ತಾರೆ ದುಡ್ಡು?"

"ಕೊಡದೇ ಇರಬಹುದು" ಅಂದಳು ಸೊಸೆ, ಅತ್ತೆಯ ಕೈ ಹಿಡಿದು ಎಬ್ಬಿಸುತ್ತ. "ಆದರೂ ಅದು ನಿಮ್ಮ ತಪ್ಪಲ್ಲ ಅಂತ ನಿಮಗೆ ಯಾರಾದರೂ ಹೇಳಬೇಕಲ್ಲ. ಎರಡು ವರ್ಷದಿಂದ ಯಾರೂ ಹೇಳಿಲ್ಲ."

ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಮೂವರೂ ಹೊರಟರು. ಅಂಗಡಿಯ ಬಾಗಿಲು ಹಗಲು ಹೊತ್ತಿನಲ್ಲಿ ಮುಚ್ಚಿದ್ದು ಆ ವರ್ಷ ಅದೇ ಮೊದಲು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮಗೂ ಹೀಗೆ ಆದರೆ ಕಾಯಬೇಡಿ. ಕಾರ್ಡಿನ ಹಿಂದೆ ಇರುವ ಬ್ಯಾಂಕಿನ ನಂಬರಿಗೆ ಅದೇ ದಿನ ಫೋನ್ ಮಾಡಿ, ಸೈಬರ್ ದೂರು ಕೊಡಿ, ದೂರಿನ ನಂಬರ್ ಬರೆದುಕೊಳ್ಳಿ. ನಿಯಮವೂ ಗಡುವೂ ಎಲ್ಲ ಕಡೆ ಒಂದೇ ಇರುವುದಿಲ್ಲ, ನಿಮ್ಮ ಬ್ಯಾಂಕಿನಲ್ಲಿ ಹೇಗೆ ಅಂತ ಕೇಳಿ ತಿಳಿದುಕೊಳ್ಳಿ. ಮೆಸೇಜು ಅಳಿಸಬೇಡಿ, ಪೆಟ್ಟಿಗೆ ಬಿಸಾಕಬೇಡಿ. ನಾನೇ ಕೊಟ್ಟೆ ಅಂತ ಹೇಳಲು ನಾಚಬೇಡಿ, ನಿಜ ಹೇಳಿದರೇ ನಿಮ್ಮ ಹಕ್ಕಿಗೆ ಬಲ. ಒಂದು ಸಲ ಇಲ್ಲ ಅಂದರೆ ಯಾಕೆ ಇಲ್ಲ ಅಂತ ಬರೆಸಿಕೊಂಡು, ತಿಳಿದವರನ್ನು ಜೊತೆಗೆ ಕರೆದುಕೊಂಡು ಮತ್ತೆ ಹೋಗಿ. ಮತ್ತೆ, ನಿಮ್ಮ ಮನೆಯಲ್ಲೇ ಯಾರೋ ಒಬ್ಬರು ಇಂಥದ್ದೊಂದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿರಬಹುದು. ಇವತ್ತು ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿ ನೋಡಿ. ಅವರು ಹೇಳಿದರೆ, ದಯವಿಟ್ಟು, ಬೈಯಬೇಡಿ.